ಗಲಾಟೆ ಇಲ್ಲದ ಕಾಯಿಲೆಯನ್ನು ಅಳೆಯುವುದು ಹೇಗೆ?

ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿರುವವರನ್ನು ಮರುಭೇಟಿಗೆ ಕರೆತರುವ ಮನೆಯವರು ಮೊದಲು ಹೇಳುವ ಮಾತು ಬಹುಮಟ್ಟಿಗೆ ಒಂದೇ ಆಗಿರುತ್ತದೆ: ‘ಈಗ ಪರವಾಗಿಲ್ಲ, ಗಲಾಟೆ ಇಲ್ಲ.’ ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ಕಡಿಮೆಯಾಗಿರುತ್ತವೆ, ಊಟದಲ್ಲಿ ಯಾರೋ ವಿಷ ಬೆರೆಸುತ್ತಿದ್ದಾರೆ ಎಂಬ ಸಂಶಯ ಇಳಿದಿರುತ್ತದೆ, ರಾತ್ರಿ ನಿದ್ದೆ ಬರುತ್ತಿರುತ್ತದೆ. ಕಡತದಲ್ಲಿ ‘ಸ್ಥಿರವಾಗಿದ್ದಾರೆ’ ಎಂಬ ಒಂದು ಸಾಲು ಸೇರಿ, ಅದೇ ಔಷಧಿ ಮುಂದುವರಿಯುತ್ತದೆ. ಇನ್ನೊಂದೆರಡು ನಿಮಿಷ ಸಮಯ ಕೊಟ್ಟು ಕೇಳಿದರೆ ಅದೇ ಮನೆಯವರು ದನಿ ತಗ್ಗಿಸಿ ಮತ್ತೊಂದು ಮಾತು ಹೇಳುತ್ತಾರೆ: ‘ಆದರೆ ಸುಮ್ಮನೆ ಕೂತಿರ್ತಾನೆ. ಹೇಳಿದರೆ ಸ್ನಾನ, ಹೇಳದಿದ್ದರೆ ಅದೂ ಇಲ್ಲ. ಯಾವುದಕ್ಕೂ ಮನಸ್ಸಿಲ್ಲ.’ ಮನೋವೈದ್ಯಶಾಸ್ತ್ರ ಋಣಾತ್ಮಕ ಲಕ್ಷಣಗಳು ಎಂದು ಕರೆಯುವುದೆಲ್ಲ ಈ ಎರಡನೆಯ ಮಾತಿನಲ್ಲಿದೆ. ಅದನ್ನು ಕೇಳಿಸಿಕೊಂಡು, ತೂಗಿ, ಬರೆದಿಡುವ ಕೆಲಸದ ಕುರಿತು ಈ ಬರಹ. ವರ್ಷಗಳಿಂದ ಇಂಥ ಲಕ್ಷಣಗಳಿಗೆ ಅಂಕ ಕೊಡುವ ಪ್ರಶ್ನೆಪಟ್ಟಿಗಳನ್ನು, ಅಂದರೆ ಮಾಪನಗಳನ್ನು, ಕೈಯಲ್ಲಿ ಹಿಡಿದು ರೋಗಿಗಳ ಮುಂದೆ ಕುಳಿತವಳಾಗಿ ನನಗೆ ದೃಢವಾಗಿರುವ ವಿಷಯ ಒಂದಿದೆ. ಒಬ್ಬರು ಸುಮ್ಮನಿದ್ದಾರೆ ಎಂಬುದಷ್ಟೇ ಮೌಲ್ಯಮಾಪನವಲ್ಲ. ಏಕೆ ಸುಮ್ಮನಿದ್ದಾರೆ ಎಂದು ವಿಚಾರಿಸದೆ ಕೊಟ್ಟ ಅಂಕಿ ಎಷ್ಟೇ ನಿಖರವಾಗಿ ಕಂಡರೂ ಚಿಕಿತ್ಸೆಯನ್ನು ತಪ್ಪು ದಾರಿಗೆ ತಿರುಗಿಸಬಲ್ಲದು.

ಇಲ್ಲದ್ದನ್ನು ಕಾಣಿಸುವ, ಕೇಳಿಸುವ, ನಂಬಿಸುವ ಧನಾತ್ಮಕ ಲಕ್ಷಣಗಳು ಒಂದು ಕಡೆ. ಇರಬೇಕಾದದ್ದು ಕುಗ್ಗಿಹೋಗುವ ಋಣಾತ್ಮಕ ಲಕ್ಷಣಗಳು ಇನ್ನೊಂದು ಕಡೆ. ಈ ವಿಂಗಡಣೆಯ ಬೇರು 19ನೇ ಶತಮಾನದ ಇಂಗ್ಲಿಷ್ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ ಅವರ ಚಿಂತನೆಯಲ್ಲಿದೆ. 1980ರಲ್ಲಿ ಟಿಮೊಥಿ ಕ್ರೋ ಅವರು ಸ್ಕಿಜೋಫ್ರೀನಿಯಾದಲ್ಲೇ ಎರಡು ಬಗೆಗಳಿವೆ ಎಂದು ಮಂಡಿಸಿದ ಮೇಲೆ ಅದು ಸಂಶೋಧನೆಯ ಮುನ್ನೆಲೆಗೆ ಬಂತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ತಜ್ಞರನ್ನು ಸೇರಿಸಿ ರೂಪಿಸಿ, 2006ರಲ್ಲಿ ಪ್ರಕಟವಾದ ಒಮ್ಮತದ ಹೇಳಿಕೆ ಐದು ಅಂಶಗಳನ್ನು ಗುರುತಿಸಿತು. ಮುಖ, ದನಿ, ಕೈಸನ್ನೆಗಳಲ್ಲಿ ಭಾವ ಮೂಡದಿರುವುದು, ಮಾತು ಬಡವಾಗುವುದು, ಏನನ್ನಾದರೂ ಶುರುಮಾಡಿ ಮುಂದುವರಿಸುವ ಇಚ್ಛೆ ಇಲ್ಲವಾಗುವುದು, ಸುಖಾನುಭವ ಕುಂದುವುದು, ಜನರ ಒಡನಾಟ ಬೇಡವಾಗುವುದು. ಇಂದು ಯಾವುದೇ ಮಾಪನವನ್ನು ನೋಡುವಾಗ ಅದು ಈ ಐದನ್ನೂ ಮುಟ್ಟುತ್ತದೆಯೇ, ಇವುಗಳ ಹೊರಗಿನದನ್ನು ಒಳಗೆ ತುರುಕಿದೆಯೇ ಎಂದು ನಾನು ಮೊದಲು ಪರೀಕ್ಷಿಸುತ್ತೇನೆ.

ಹಳೆಯ ಮಾಪನಗಳಲ್ಲಿ ಇಂಥ ತುರುಕುವಿಕೆ ಸಾಕಷ್ಟಿದೆ. ಅಯೋವಾ ವಿಶ್ವವಿದ್ಯಾಲಯದ ನ್ಯಾನ್ಸಿ ಆ್ಯಂಡ್ರಿಯಾಸನ್ ಅವರು 1980ರ ದಶಕದ ಆರಂಭದಲ್ಲಿ ರೂಪಿಸಿದ ಸ್ಯಾನ್ಸ್ ಈ ಲಕ್ಷಣಗಳಿಗೇ ಮೀಸಲಾದ ಮೊದಲ ವಿವರವಾದ ಮಾಪನಗಳಲ್ಲಿ ಒಂದು, ಅದರ ಋಣ ನಮ್ಮೆಲ್ಲರ ಮೇಲಿದೆ. ಆದರೆ ಅದರ ಐದು ಗುಂಪುಗಳಲ್ಲಿ ಗಮನದ ಕೊರತೆಯೂ ಒಂದಾಗಿತ್ತು, ಅದನ್ನು ಈಗ ಅರಿವಿನ ಸಾಮರ್ಥ್ಯದ ವಿಷಯವೆಂದು ಬೇರ್ಪಡಿಸಲಾಗಿದೆ. 1987ರಲ್ಲಿ ಸ್ಟ್ಯಾನ್ಲಿ ಕೇ, ಅಬ್ರಹಾಂ ಫಿಜ್‌ಬೈನ್ ಮತ್ತು ಲೂಯಿಸ್ ಆಪ್ಲರ್ ಪ್ರಕಟಿಸಿದ ಪ್ಯಾನ್ಸ್ ಮಾಪನದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಔಷಧಿಗಳ ಪ್ರಯೋಗಗಳಲ್ಲೂ ಸ್ನಾತಕೋತ್ತರ ಪ್ರಬಂಧಗಳಲ್ಲೂ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು ಅದೇ. ಅದರಲ್ಲಿ ಒಟ್ಟು 30 ಅಂಶಗಳು: 7 ಧನಾತ್ಮಕ, 7 ಋಣಾತ್ಮಕ, ಉಳಿದ 16 ಸಾಮಾನ್ಯ ಮನೋರೋಗ ಲಕ್ಷಣಗಳು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ; ಅಂಕ ಹೆಚ್ಚಿದಷ್ಟೂ ಲಕ್ಷಣ ತೀವ್ರ. ಋಣಾತ್ಮಕ ಏಳರಲ್ಲಿ ಐದನೆಯದು ಅಮೂರ್ತ ಚಿಂತನೆಯ ತೊಡಕು, ಏಳನೆಯದು ಒಂದೇ ಜಾಡಿನಲ್ಲಿ ಸುತ್ತುವ ಯೋಚನೆ. ಇವೆರಡೂ ಇಚ್ಛೆಗಾಗಲಿ ಭಾವಾಭಿವ್ಯಕ್ತಿಗಾಗಲಿ ನೇರವಾಗಿ ಸಂಬಂಧಿಸಿದವಲ್ಲ.

ಅಮೂರ್ತ ಚಿಂತನೆಯನ್ನು ಪರೀಕ್ಷಿಸಲು ನಾವು ಮಾಡುವುದೇನು? ಎರಡು ವಸ್ತುಗಳ ಸಾಮ್ಯವನ್ನು ಕೇಳುತ್ತೇವೆ, ಆಮೇಲೆ ಗಾದೆಯ ಅರ್ಥ ಕೇಳುತ್ತೇವೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೇನು ಎಂದು ಕೇಳಿದಾಗ ಗದ್ದೆಯಲ್ಲಿ ದುಡಿದು ಬಂದವರು, ನಾಟಿ ಮಾಡಿದರೆ ಊಟ ಸಿಗುತ್ತದೆ ಎಂದು ಹೇಳಬಹುದು. ಅದು ಅವರ ಬದುಕಿನ ಪ್ರತ್ಯಕ್ಷ ಸತ್ಯ. ಆದರೆ ಅಂಕ ಕೊಡುವವರ ಕೈಪಿಡಿಯ ಪ್ರಕಾರ ಅದು ವಾಚ್ಯಾರ್ಥಕ್ಕೆ ಅಂಟಿಕೊಂಡ ಉತ್ತರವಾಗುತ್ತದೆ. ಹೈಸ್ಕೂಲಿನ ಕನ್ನಡ ಪಠ್ಯದಲ್ಲಿ ಗಾದೆಯ ವಿಸ್ತರಣೆಯನ್ನು ಹತ್ತು ಸಲ ಬರೆದು ಅಂಕ ಗಳಿಸಿದವರು, ಎಂಥ ತೀವ್ರ ನಿರಾಸಕ್ತಿಯಲ್ಲಿದ್ದರೂ, ‘ಕಷ್ಟಪಟ್ಟರೆ ಸುಖ’ ಎಂದು ಬಾಯಿಪಾಠದಂತೆ ಒಪ್ಪಿಸಿಬಿಡುತ್ತಾರೆ. ಹೀಗೆ ಶಾಲೆಯ ಮೆಟ್ಟಿಲು ಹತ್ತಿದ್ದರ ಅಳತೆ ಇಚ್ಛಾಶಕ್ತಿಯ ಅಳತೆಯೊಳಗೆ ನುಸುಳುತ್ತದೆ. 1997ರಲ್ಲಿ ಸ್ಟೀಫನ್ ಮಾರ್ಡರ್ ಮತ್ತು ಸಂಗಡಿಗರು ಅಂಕಿಅಂಶಗಳ ವಿಶ್ಲೇಷಣೆಯಿಂದ ಕಟ್ಟಿದ ಋಣಾತ್ಮಕ ಲಕ್ಷಣಗಳ ಗುಂಪು ಅಮೂರ್ತ ಚಿಂತನೆಯ ತೊಡಕು, ಒಂದೇ ಜಾಡಿನ ಯೋಚನೆ ಎರಡನ್ನೂ ಕೈಬಿಟ್ಟು, ಸಾಮಾನ್ಯ ಲಕ್ಷಣಗಳ ಪಟ್ಟಿಯಿಂದ ಚಲನೆಯ ಮಂದತೆ ಮತ್ತು ಸಕ್ರಿಯವಾಗಿ ಜನರನ್ನು ದೂರವಿಡುವಿಕೆಯನ್ನು ಸೇರಿಸಿಕೊಂಡಿತು. ಪ್ಯಾನ್ಸ್‌ನ ಏಳು ಅಂಶಗಳ ಮೊತ್ತಕ್ಕಿಂತ ಈ ಗುಂಪೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ಅದರೊಳಗೆ ಇನ್ನೊಂದು ಗೋಜಲು ಉಳಿದೇ ಇದೆ.

ಆ ಗೋಜಲನ್ನು ಬಿಡಿಸಿ ಹೇಳುತ್ತೇನೆ. ಪ್ಯಾನ್ಸ್‌ನಲ್ಲಿ ಜನರಿಂದ ದೂರ ಉಳಿಯುವುದಕ್ಕೆ ಎರಡು ಪ್ರತ್ಯೇಕ ಅಂಶಗಳಿವೆ. ಋಣಾತ್ಮಕ ಪಟ್ಟಿಯ ನಾಲ್ಕನೆಯದು ಆಸಕ್ತಿಯೂ ಉತ್ಸಾಹವೂ ಇಲ್ಲದ್ದರಿಂದ ತಾನಾಗಿ ಹಿಂದೆ ಸರಿಯುವುದು. ಸಾಮಾನ್ಯ ಪಟ್ಟಿಯ ಹದಿನಾರನೆಯದು ಭಯ, ದ್ವೇಷ ಅಥವಾ ಅಪನಂಬಿಕೆಯಿಂದ ಬೇಕೆಂದೇ ತಪ್ಪಿಸಿಕೊಳ್ಳುವುದು. ಅಣ್ಣನ ಮದುವೆಗೆ ಇಬ್ಬರು ಬರಲಿಲ್ಲ ಎಂದಿಟ್ಟುಕೊಳ್ಳೋಣ. ಒಬ್ಬರಿಗೆ ಹೋಗಬೇಕೆಂದು ಅನ್ನಿಸಲೇ ಇಲ್ಲ. ಇನ್ನೊಬ್ಬರಿಗೆ ಛತ್ರದಲ್ಲಿ ಸೇರಿದವರೆಲ್ಲ ತನ್ನ ಬಗ್ಗೆಯೇ ಪಿಸುಗುಟ್ಟುತ್ತಾರೆ ಎಂಬ ಭಯ, ಅದಕ್ಕಾಗಿ ಬಾಗಿಲು ಹಾಕಿಕೊಂಡು ಕುಳಿತರು. ಮನೆಯವರ ಕಣ್ಣಿಗೆ ಎರಡೂ ಒಂದೇ, ‘ಮದುವೆಗೂ ಬರಲಿಲ್ಲ.’ ಮೊದಲನೆಯವರಿಗೆ ಔಷಧಿಯ ಪ್ರಮಾಣ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಮತ್ತಷ್ಟು ಮಂಕಾಗಬಹುದು; ಎರಡನೆಯವರಿಗೆ ಉಳಿದಿರುವ ಸಂಶಯಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕರೆ ಅವರು ಮುಂದಿನ ಸಮಾರಂಭಕ್ಕೆ ಬರಬಹುದು. ಈ ಭೇದವನ್ನು ತಿಳಿಯಲು ಇರುವ ದಾರಿ ನೇರವಾಗಿ ಕೇಳುವುದು: ‘ಹೋಗಬೇಕು ಅಂತ ಅನ್ನಿಸಿತ್ತಾ? ಅನ್ನಿಸಿದ್ದರೆ ಯಾವುದು ತಡೆಯಿತು?’ ಇಷ್ಟು ಸರಳ ಪ್ರಶ್ನೆ ಎಷ್ಟೋ ಕಡತಗಳಲ್ಲಿ ಒಮ್ಮೆಯೂ ಕೇಳಲ್ಪಟ್ಟಿರುವುದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಎರಡನೆಯ ಪೀಳಿಗೆಯವು ಎನಿಸಿಕೊಂಡ ಮಾಪನಗಳು ಈ ಬಗೆಯ ಪ್ರಶ್ನೆಯನ್ನೇ ತಮ್ಮ ನಡುವಿಗೆ ತಂದುಕೊಂಡವು. 2011ರಲ್ಲಿ ಬ್ರಯನ್ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಬಿಎನ್‌ಎಸ್‌ಎಸ್ ಮಾಪನದಲ್ಲಿ 13 ಅಂಶಗಳಿವೆ, ಪ್ರತಿಯೊಂದಕ್ಕೂ 0ಯಿಂದ 6ರವರೆಗೆ ಅಂಕ, ಅನುಭವವಿರುವವರಿಗೆ ಕಾಲು ಗಂಟೆ ಸಾಕು. ಒಡನಾಟ ಮತ್ತು ಇಚ್ಛೆ ಎರಡರಲ್ಲೂ ಅದು ನಡವಳಿಕೆಗೆ ಒಂದು ಅಂಕವನ್ನೂ ಒಳಗಿನ ಅನುಭವಕ್ಕೆ ಇನ್ನೊಂದು ಅಂಕವನ್ನೂ ಕೊಡುತ್ತದೆ. ಗೆಳೆಯರನ್ನು ಭೇಟಿಯಾಗದಿರುವುದು ಒಂದು, ಗೆಳೆಯರು ಬೇಕೆನಿಸದಿರುವುದು ಇನ್ನೊಂದು. ಕಾಯಿಲೆ ಬಂದ ಮೇಲೆ ಗೆಳೆಯರೇ ಬರುವುದನ್ನು ನಿಲ್ಲಿಸಿದ, ಹಬ್ಬಕ್ಕೆ ಕರೆಯುವುದನ್ನು ನೆಂಟರು ಬಿಟ್ಟ ಒಬ್ಬ ಯುವಕನ ನಡವಳಿಕೆಯ ಅಂಕ ಏರಿರುತ್ತದೆ. ಆದರೆ ಅವನೊಂದಿಗೆ ಮಾತಿಗೆ ಕುಳಿತರೆ ಹಳೆಯ ಕ್ರಿಕೆಟ್ ತಂಡದ ಪ್ರತಿಯೊಬ್ಬರ ಹೆಸರೂ ಅವನ ನಾಲಿಗೆಯ ತುದಿಯಲ್ಲಿರುತ್ತದೆ. ಅಲ್ಲಿ ಕೊರತೆಯಿರುವುದು ಊರಿನವರ ಕಡೆಯಿಂದ. ಎರಡು ಅಂಕಗಳ ನಡುವಿನ ಅಂತರವೇ ಪುನರ್ವಸತಿಯ ಕೆಲಸ ಎಲ್ಲಿಂದ ಆರಂಭವಾಗಬೇಕು ಎಂದು ತೋರಿಸಿಕೊಡುತ್ತದೆ.

2013ರಲ್ಲಿ ಆ್ಯನ್ ಕ್ರಿಂಗ್, ರಾಕೆಲ್ ಗುರ್, ಜಾಕ್ ಬ್ಲಾಂಚರ್ಡ್, ವಿಲಿಯಂ ಹೊರಾನ್ ಮತ್ತು ಸ್ಟೀವನ್ ರೈಸ್ ಪ್ರಕಟಿಸಿದ ಕೇನ್ಸ್ ಮಾಪನದಲ್ಲೂ 13 ಅಂಶಗಳು: 9 ಪ್ರೇರಣೆ ಮತ್ತು ಸುಖಾನುಭವಕ್ಕೆ, 4 ಅಭಿವ್ಯಕ್ತಿಗೆ. ಕಳೆದ ವಾರ ಎಷ್ಟು ಸಲ ಖುಷಿಯಾಯಿತು ಎಂಬುದರ ಜೊತೆಗೆ ಮುಂದಿನ ವಾರ ಯಾವುದರಿಂದ ಖುಷಿಯಾಗಬಹುದು ಎಂದೂ ಅದು ಕೇಳುತ್ತದೆ. ಈ ಮುಂದಿನ ವಾರದ ಪ್ರಶ್ನೆಯ ಹಿಂದೆ ಒಂದು ಮುಖ್ಯವಾದ ಸಂಶೋಧನೆಯ ಪರಂಪರೆಯಿದೆ. 1993ರಲ್ಲಿ ಕ್ರಿಂಗ್ ಮತ್ತು ಸಂಗಡಿಗರು ಭಾವೋದ್ದೀಪಕವಾದ ಚಲನಚಿತ್ರದ ತುಣುಕುಗಳನ್ನು ತೋರಿಸಿ ನಡೆಸಿದ ಅಧ್ಯಯನದಲ್ಲಿ, ಸ್ಕಿಜೋಫ್ರೀನಿಯಾ ಇರುವವರ ಮುಖದಲ್ಲಿ ಭಾವ ಕಡಿಮೆ ಮೂಡಿದರೂ ತಾವು ಅನುಭವಿಸಿದ್ದಾಗಿ ಅವರು ಹೇಳಿದ ಭಾವನೆಗಳು ಇತರರಿಗಿಂತ ಕಡಿಮೆ ಇರಲಿಲ್ಲ. ಆಮೇಲಿನ ಅಧ್ಯಯನಗಳು ತೋರಿಸಿದ್ದು, ಬಹಳ ಮಂದಿಯಲ್ಲಿ ಕ್ಷಣದ ಸುಖ ಉಳಿದಿರುತ್ತದೆ, ಕುಂದುವುದು ಮುಂದೆ ಸಿಗುವ ಸುಖದ ನಿರೀಕ್ಷೆ. ತಟ್ಟೆಯಲ್ಲಿ ಹೋಳಿಗೆ ಬಂದಾಗ ಅದರ ರುಚಿ ಅವರಿಗೆ ಪೂರ್ತಿ ತಿಳಿಯುತ್ತದೆ. ಯುಗಾದಿ ಬರುತ್ತಿದೆ, ಹೋಳಿಗೆ ಮಾಡುತ್ತಾರೆ ಎಂದು ಮೂರು ದಿನ ಮೊದಲೇ ಮನಸ್ಸು ಅರಳುವುದಿಲ್ಲ. ನಿರೀಕ್ಷೆ ಇಲ್ಲದಿದ್ದಾಗ ಎದ್ದು ಹೊರಡುವ ಕಾರಣವೂ ಇರುವುದಿಲ್ಲ. ಹೀಗಾಗಿ ‘ಈಗ ಏನಾದರೂ ಖುಷಿ ಕೊಡುತ್ತದಾ?’ ಎಂದು ಒಂದೇ ಪ್ರಶ್ನೆ ಕೇಳಿ ‘ಇಲ್ಲ’ ಎಂಬ ಉತ್ತರಕ್ಕೆ ಅಂಕ ಕೊಡುವುದು ತಪ್ಪು. ಕಳೆದ ಮಂಗಳವಾರದ ಸಂಜೆ, ಶುಕ್ರವಾರದ ಬೆಳಿಗ್ಗೆ ಎಂದು ದಿನದಿನವನ್ನೂ ಅವರೊಂದಿಗೆ ನಡೆಯುತ್ತಾ ಹೋಗಬೇಕು. ಆಗ ಟೀ ಅಂಗಡಿಯ ಬೆಂಚು, ತಂಗಿಯ ಮಗುವಿನ ತೊದಲು ಮಾತು, ರೇಡಿಯೊದ ಹಳೆಯ ಹಾಡು ಒಂದೊಂದಾಗಿ ಹೊರಬರುತ್ತವೆ.

ಮುಖದಲ್ಲಿ ಭಾವವಿಲ್ಲದವರ ಒಳಗೂ ಭಾವವಿಲ್ಲ ಎಂದು ನಂಬಿ ಅವರ ಎದುರಿಗೇ ಕೊಂಕು ಮಾತಾಡುವ ನೆಂಟರಿಗೆ 1993ರ ಆ ಅಧ್ಯಯನವೊಂದನ್ನೇ ವಿವರಿಸಿ ಹೇಳಿದ್ದುಂಟು. ರೋಗಿಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಎಲ್ಲವೂ ಅವರಿಗೆ ತಾಗುತ್ತದೆ.

ಇನ್ನು ಅತಿ ಮುಖ್ಯವೆಂದು ನಾನು ಭಾವಿಸುವ ಭಾಗಕ್ಕೆ ಬರುತ್ತೇನೆ. ಋಣಾತ್ಮಕ ಲಕ್ಷಣ ಕಂಡಾಗ ಅದು ಕಾಯಿಲೆಯ ತಿರುಳಿನಿಂದಲೇ ಬಂದದ್ದೋ, ಬೇರೆ ಕಾರಣದಿಂದ ಬಂದು ಹಾಗೆ ಕಾಣುತ್ತಿದೆಯೋ ಎಂದು ಬೇರ್ಪಡಿಸಬೇಕು. ಮೊದಲನೆಯದನ್ನು ಪ್ರಾಥಮಿಕ, ಎರಡನೆಯದನ್ನು ದ್ವಿತೀಯಕ ಎನ್ನುತ್ತಾರೆ. ವಿಲಿಯಂ ಕಾರ್ಪೆಂಟರ್ ಮತ್ತು ಸಂಗಡಿಗರು 1988ರಲ್ಲಿ ಪ್ರಾಥಮಿಕವೂ ದೀರ್ಘಕಾಲಿಕವೂ ಆದ ಲಕ್ಷಣಗಳ ಗುಂಪಿಗೆ ಪ್ರತ್ಯೇಕ ಮಾನದಂಡಗಳನ್ನು ಕೊಟ್ಟಾಗ ಕನಿಷ್ಠ ಹನ್ನೆರಡು ತಿಂಗಳ ನಿರಂತರತೆಯನ್ನು ಬಯಸಿದ್ದು ಇದಕ್ಕಾಗಿಯೇ. ಒಂದು ದಿನದ ಒಂದು ಸಂದರ್ಶನದಲ್ಲಿ ಪ್ರಾಥಮಿಕ ಎಂದು ತೀರ್ಮಾನಿಸುವ ಧೈರ್ಯ ಯಾರೂ ಮಾಡಬಾರದು. ಮೊದಲು ದ್ವಿತೀಯಕ ಕಾರಣಗಳನ್ನು ಒಂದೊಂದಾಗಿ ಹುಡುಕಬೇಕು, ಏಕೆಂದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಇಂದೇ ಮಾಡಬಹುದಾದ ಪರಿಹಾರವಿದೆ.

ಔಷಧಿಯಿಂದಲೇ ಬರುವ ಪಾರ್ಕಿನ್ಸನ್ ಮಾದರಿಯ ಪರಿಣಾಮ ಇವುಗಳಲ್ಲಿ ಮೊದಲನೆಯದು. ಹ್ಯಾಲೊಪೆರಿಡಾಲ್, ಫ್ಲೂಫೆನಜಿನ್ ಚುಚ್ಚುಮದ್ದು, ಹೆಚ್ಚಿನ ಪ್ರಮಾಣದ ರಿಸ್ಪೆರಿಡೋನ್ ಇಂಥವು ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವಾಗ ಸಂಶಯವನ್ನೂ ಧ್ವನಿಗಳನ್ನೂ ತಗ್ಗಿಸುವುದರ ಜೊತೆಗೆ ಚಲನೆಯನ್ನು ನಿಯಂತ್ರಿಸುವ ಭಾಗಗಳನ್ನೂ ತಡೆಯಬಹುದು. ಮುಖ ಮುಖವಾಡದಂತಾಗುತ್ತದೆ, ದನಿ ಏಕತಾನವಾಗುತ್ತದೆ, ಕೈಬೀಸು ನಿಲ್ಲುತ್ತದೆ, ಹೆಜ್ಜೆ ಕಿರಿದಾಗುತ್ತದೆ. ಕುರ್ಚಿಯಲ್ಲಿ ಕುಳಿತವರ ಮುಖವನ್ನಷ್ಟೇ ನೋಡಿ ಅಂಕ ಕೊಟ್ಟರೆ ಇದೆಲ್ಲ ಭಾವಾಭಿವ್ಯಕ್ತಿಯ ಕೊರತೆ ಎಂದೇ ದಾಖಲಾಗುತ್ತದೆ. ಆದುದರಿಂದ ಅವರು ಬಾಗಿಲಿನಿಂದ ಒಳಬರುವ ನಡಿಗೆಯನ್ನೂ ನಾನು ಗಮನಿಸುತ್ತೇನೆ, ಮೊಣಕೈಯನ್ನು ಮಡಚಿ ಬಿಡಿಸಿ ಬಿಗಿತ ನೋಡುತ್ತೇನೆ, ಒಂದೆರಡು ಸಾಲು ಬರೆಯಲು ಹೇಳಿ ಅಕ್ಷರ ಚಿಕ್ಕದಾಗುತ್ತಾ ಹೋಗುತ್ತದೆಯೇ ಎಂದು ನೋಡುತ್ತೇನೆ. 1970ರಷ್ಟು ಹಿಂದೆಯೇ ಬಂದ ಸಿಂಪ್ಸನ್–ಆ್ಯಂಗಸ್ ಮಾಪನ ಇದಕ್ಕೆಂದೇ ಇದೆ. ಅದನ್ನು ಋಣಾತ್ಮಕ ಲಕ್ಷಣಗಳ ಮಾಪನದ ಜೊತೆಗೆ ಬಳಸುವುದು ನಿಯಮವಾಗಬೇಕು. ತಾವು ತೆಗೆದುಕೊಳ್ಳುತ್ತಿರುವ ಔಷಧಿಯನ್ನು ಇದನ್ನೋದಿ ಯಾರೂ ತಾವಾಗಿ ನಿಲ್ಲಿಸಬಾರದು; ಹಾಗೆ ನಿಲ್ಲಿಸುವುದರಿಂದ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ವೈದ್ಯರ ಮುಂದೆ ಈ ಚಿಹ್ನೆಗಳನ್ನು ಹೇಳಿದರೆ ಪ್ರಮಾಣ ಬದಲಿಸುವ, ಔಷಧಿ ಬದಲಿಸುವ ದಾರಿಗಳಿವೆ.

ಖಿನ್ನತೆ ಇನ್ನೊಂದು. ಮಾತು ಕಡಿಮೆ, ಆಸಕ್ತಿ ಇಲ್ಲ, ಹೊರಗೆ ಹೋಗುವುದಿಲ್ಲ ಎಂಬ ವಿವರಗಳು ಎರಡಕ್ಕೂ ಹೊಂದುತ್ತವೆ. ಅದಕ್ಕಾಗಿ ಡೊನಾಲ್ಡ್ ಮತ್ತು ಜೀನ್ ಆ್ಯಡಿಂಗ್ಟನ್ ಅವರು 1990ರಲ್ಲಿ ಕ್ಯಾಲ್ಗರಿ ಮಾಪನವನ್ನು ಸ್ಕಿಜೋಫ್ರೀನಿಯಾ ಇರುವವರಿಗೆಂದೇ ರೂಪಿಸಿದರು; ಅದರ 9 ಅಂಶಗಳು ಹತಾಶೆ, ಅಪರಾಧ ಪ್ರಜ್ಞೆ, ತನ್ನನ್ನು ತಾನೇ ಕೀಳಾಗಿ ಕಾಣುವುದು, ಬೆಳಗಿನ ಜಾವ ಎಚ್ಚರವಾಗುವುದು, ಸಾಯುವ ಯೋಚನೆ ಇಂಥವುಗಳ ಸುತ್ತ ಇವೆ. ಋಣಾತ್ಮಕ ಲಕ್ಷಣ ಮಾತ್ರವೇ ಇರುವವರು ತಮ್ಮ ದುಃಖವನ್ನು ಹೇಳಿಕೊಳ್ಳುವುದು ವಿರಳ. ಖಿನ್ನರಾದವರು, ಕೇಳಿಸಿಕೊಳ್ಳುವವರು ಸಿಕ್ಕರೆ, ‘ನನ್ನಿಂದ ಎಲ್ಲರಿಗೂ ತೊಂದರೆ’ ಎನ್ನುತ್ತಾರೆ. ಈ ಮಾತು ಬಂದ ಕ್ಷಣ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರವಾಗಿ ವಿಚಾರಿಸಬೇಕು. ಹೊಗೆಸೊಪ್ಪು, ಗಾಂಜಾ, ಮದ್ಯ, ನಿದ್ದೆಮಂಪರು ತರುವ ಮಾತ್ರೆ ಇವನ್ನೂ ಕೇಳಬೇಕು ಎಂಬುದನ್ನು ಬೇರೆ ವಿವರಿಸಬೇಕಾಗಿಲ್ಲ.

ಕೊನೆಯ ಕಾರಣ ಪರಿಸರದ ಬಡತನ. 1960ರ ದಶಕದಲ್ಲಿ ಜಾನ್ ವಿಂಗ್ ಮತ್ತು ಜಾರ್ಜ್ ಬ್ರೌನ್ ಅವರು ಇಂಗ್ಲೆಂಡಿನ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ದೀರ್ಘಕಾಲದಿಂದ ಇದ್ದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹೋಲಿಸಿದಾಗ, ಏನೂ ಮಾಡದೆ ಕಳೆಯುವ ಹೊತ್ತು ಹೆಚ್ಚಿದ್ದ ಕಡೆ ಮಾತಿನ ಬಡತನ ಮತ್ತು ಭಾವದ ಮಂಕು ಕೂಡ ಹೆಚ್ಚಿರುವುದನ್ನು ಕಂಡರು; ಆ ಹೊತ್ತು ಕಡಿಮೆಯಾದ ಹಾಗೆ ಲಕ್ಷಣಗಳೂ ತಗ್ಗಿದವು. ನಮ್ಮಲ್ಲಿ ಹೆಚ್ಚಿನ ರೋಗಿಗಳು ಆಸ್ಪತ್ರೆಯಲ್ಲಲ್ಲ, ಮನೆಯಲ್ಲಿದ್ದಾರೆ. ಆದರೆ ಮನೆಯೊಳಗೂ ಅಂಥ ವಾರ್ಡು ನಿರ್ಮಾಣವಾಗಬಲ್ಲದು. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಹಗಲಿಡೀ ಒಂದೇ ಕೋಣೆ, ಕೈಯಲ್ಲಿ ಹತ್ತು ರೂಪಾಯಿಯೂ ಇಲ್ಲ, ‘ಅವನಿಗೆ ಗೊತ್ತಾಗಲ್ಲ’ ಎಂದು ಯಾವ ಕೆಲಸವನ್ನೂ ವಹಿಸುವುದಿಲ್ಲ. ಅಂಥವರಿಗೆ ‘ಮನರಂಜನೆಗೆ ಏನು ಮಾಡಿದಿರಿ?’ ಎಂದು ಕೇಳಿ ‘ಏನೂ ಇಲ್ಲ’ ಎಂದು ಬರೆಯುವ ಮೊದಲು ಅವಕಾಶ ಎಷ್ಟಿತ್ತು ಎಂದು ಕೇಳುವುದು ನ್ಯಾಯ.

ಮಾಪನಗಳು ಹುಟ್ಟಿದ ಊರುಗಳೂ ನಾವು ಬಳಸುವ ಊರುಗಳೂ ಬೇರೆ ಎಂಬುದು ಇಲ್ಲಿ ಕಾಡುವ ಪ್ರಶ್ನೆ. ಪ್ರಣಯ ಸಂಬಂಧದಲ್ಲಿ ಆಸಕ್ತಿ ಇದೆಯೇ ಎಂಬ ಪ್ರಶ್ನೆಯನ್ನು ಹಳ್ಳಿಯ ಅವಿವಾಹಿತ ಯುವತಿಗೆ ತಾಯಿಯ ಮುಂದೆ ಕೇಳಿದರೆ ಬರುವ ಮೌನ ಲಕ್ಷಣವಲ್ಲ, ಮರ್ಯಾದೆ. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಸೊಸೆ ಕಣ್ಣೆತ್ತಿ ನೋಡದಿರುವುದಕ್ಕೂ ಅಂಕ ಕೊಡಲಾಗದು. ಕಲಬುರಗಿಯ ಹಳ್ಳಿಯಿಂದ ಬಂದವರನ್ನು ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ, ಮನೆಯಲ್ಲಿ ತುಳು, ಲಂಬಾಣಿ ಅಥವಾ ದಖನಿ ಉರ್ದು ಆಡುವವರನ್ನು ಬರೀ ಕನ್ನಡದಲ್ಲಿ ಪ್ರಶ್ನಿಸಿದರೆ ‘ಹ್ಞೂಂ’, ‘ಇಲ್ಲ’, ‘ಗೊತ್ತಿಲ್ಲ’ ಎಂಬ ಉತ್ತರಗಳೇ ಬರುತ್ತವೆ, ಅವನ್ನು ಮಾತಿನ ಬಡತನ ಎಂದು ಎಣಿಸುವುದು ಅನ್ಯಾಯ. ಅವರ ನುಡಿ ಬಲ್ಲ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಪಕ್ಕದಲ್ಲಿ ಬಂದು ಕುಳಿತರೆ ಅದೇ ವ್ಯಕ್ತಿ ಮಳೆ, ಜೋಳ, ಎತ್ತಿನ ಬೆಲೆ ಎಂದು ಮಾತು ಬೆಳೆಸುವುದನ್ನು ನೋಡಬಹುದು.

ಗೃಹಿಣಿಯರ ವಿಷಯದಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ‘ಮನೆಕೆಲಸ ಎಲ್ಲ ಮಾಡುತ್ತಾಳೆ’ ಎಂದು ಗಂಡ ಹೇಳಿದ ಕೂಡಲೇ ಇಚ್ಛಾಶಕ್ತಿ ಸರಿಯಾಗಿದೆ ಎಂದು ಬರೆಯಲಾಗುತ್ತದೆ. ಬೆಳಿಗ್ಗೆ ಯಾರು ಎಬ್ಬಿಸಿದರು, ಅಕ್ಕಿ ಅಳೆದು ಕೊಟ್ಟವರು ಯಾರು, ಇಂದು ಯಾವ ಸಾರು ಎಂದು ನಿರ್ಧರಿಸಿದವರು ಯಾರು, ಅರ್ಧಕ್ಕೆ ಬಿಟ್ಟ ಪಾತ್ರೆಯನ್ನು ಮುಗಿಸಿದವರು ಯಾರು ಎಂದು ಕೇಳುತ್ತಾ ಹೋದರೆ, ಎಂಟು ವರ್ಷದ ಮಗಳು ಅಮ್ಮನ ಹಿಂದೆಯೇ ನಿಂತು ಪ್ರತಿ ಹೆಜ್ಜೆಯನ್ನೂ ಹೇಳಿಕೊಡುತ್ತಿರುವುದು ಗೊತ್ತಾಗಬಹುದು. ಹೊಲ, ಕುರಿ, ದನ ಇರುವ ಮನೆಗಳಲ್ಲೂ ಹೀಗೆಯೇ. ದಿನವೂ ಕುರಿಗಳ ಹಿಂದೆ ಹೋಗುವವರು ಕುರಿಗಳನ್ನು ನೋಡಿಕೊಳ್ಳುತ್ತಿದ್ದಾರೆಯೇ, ಅವುಗಳ ಜೊತೆ ನಡೆದಿದ್ದಾರೆಯೇ ಎಂದು ಜೊತೆಗೆ ಹೋಗುವವರನ್ನು ಕೇಳಬೇಕು. ತಾನಾಗಿ ಶುರುಮಾಡಿದ್ದಕ್ಕೂ ಹೇಳಿಸಿಕೊಂಡು ಮಾಡಿದ್ದಕ್ಕೂ ಇರುವ ವ್ಯತ್ಯಾಸವನ್ನು ಸಂದರ್ಶಕರು ಮರೆತರೆ ಹೆಂಗಸರ ಕಾಯಿಲೆ ಕಾಣದೇ ಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಂಥ ವಿವರ ಕೊಡಬಲ್ಲವರು ಮನೆಯವರೇ. ಪ್ಯಾನ್ಸ್ ಕೂಡ ಭಾವನಾತ್ಮಕವಾಗಿ ಹಿಂದೆ ಸರಿಯುವುದು ಮತ್ತು ಒಡನಾಟದ ನಿರಾಸಕ್ತಿ ಈ ಎರಡಕ್ಕೆ ಆರೈಕೆ ಮಾಡುವವರ ಹೇಳಿಕೆಯನ್ನು ಆಧಾರವಾಗಿ ಕೇಳುತ್ತದೆ. ಅನೇಕ ದೇಶಗಳ ಸಂಶೋಧಕರು ಈ ಮಾಹಿತಿಗಾಗಿ ಪರದಾಡುವಾಗ ನಮ್ಮಲ್ಲಿ ರೋಗಿಯ ಜೊತೆ ಇಬ್ಬರಾದರೂ ಬಂದಿರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬದವರೂ ಜೊತೆಗೆ ಉಳಿಯುವ ವಾರ್ಡಿನ ಪದ್ಧತಿ ದಶಕಗಳಿಂದ ಇದೆ. ಇದು ನಮ್ಮ ದೊಡ್ಡ ಬಲ. ಆದರೆ ಮನೆಯವರ ಮಾತನ್ನು ಹಾಗೆಯೇ ಅಂಕವಾಗಿ ಇಳಿಸಿಕೊಳ್ಳಲಾಗದು. ದಣಿದ ತಂದೆ ‘ಸೋಮಾರಿ’ ಎನ್ನುತ್ತಾರೆ, ಮಗನನ್ನು ಕಳೆದುಕೊಳ್ಳುವ ಭಯವಿರುವ ತಾಯಿ ‘ಮೊದಲಿನಿಂದಲೂ ಮಾತು ಕಡಿಮೆ, ಸಾಧು ಹುಡುಗ’ ಎನ್ನುತ್ತಾರೆ. ಇಬ್ಬರನ್ನೂ ‘ಹೇಗಿದ್ದಾನೆ?’ ಎಂದು ಕೇಳುವ ಬದಲು ‘ನಿನ್ನೆ ಎಷ್ಟು ಹೊತ್ತಿಗೆ ಎದ್ದ, ಆಮೇಲೆ ಏನು ಮಾಡಿದ?’ ಎಂದು ಕೇಳಬೇಕು. ಕಾಯಿಲೆಗೆ ಮುಂಚೆ ಹೇಗಿದ್ದ ಎಂಬುದನ್ನೂ ಕೇಳಬೇಕು, ಏಕೆಂದರೆ ಹುಟ್ಟಾ ಮಿತಭಾಷಿಯಾದವರ ಮೌನಕ್ಕೂ, ಕಾಲೇಜಿನ ನಾಟಕದಲ್ಲಿ ಪಾತ್ರ ಮಾಡುತ್ತಿದ್ದವರ ಮೌನಕ್ಕೂ ಒಂದೇ ಅಂಕ ಸಲ್ಲದು. ರೋಗಿಯನ್ನು ಬಿಟ್ಟು ಮನೆಯವರೊಡನೆ ಮಾತ್ರ ಮಾತಾಡುವುದೂ ಆಗಬಾರದು. ಫ್ರಾನ್ಸಿನ ಸೋನಿಯಾ ಡಾಲ್‌ಫಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಎಸ್‌ಎನ್‌ಎಸ್ ಎಂಬ 20 ಹೇಳಿಕೆಗಳ ಸ್ವಮೌಲ್ಯಮಾಪನ ತೋರಿಸಿರುವಂತೆ, ತಮ್ಮ ಆಸಕ್ತಿ ಕುಗ್ಗಿರುವುದನ್ನು ರೋಗಿಗಳೇ ಹೇಳಬಲ್ಲರು.

ಸಮಯವೆಲ್ಲಿದೆ ಎಂದು ಸಹೋದ್ಯೋಗಿಗಳು ಕೇಳುವುದು ಸಹಜ. ಮಾನಸಿಕ ಆರೋಗ್ಯ ಸೇವೆಗೆಂದು ಇರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಯ ಮುಂದೆ ನಿಲ್ಲುವ ಸಾಲನ್ನು ನೋಡಿದವರಿಗೆ ಮುಕ್ಕಾಲು ಗಂಟೆಯ ಸಂದರ್ಶನ ಸೂಚಿಸುವುದು ಅರ್ಥಹೀನ. ಅಲ್ಲಿಗೆ ಋಣಾತ್ಮಕ ಲಕ್ಷಣಗಳದೇ ಇನ್ನೊಂದು ಮಾಪನವಾದ ಎನ್‌ಎಸ್‌ಎಯ ನಾಲ್ಕು ಅಂಶಗಳ ಕಿರು ಆವೃತ್ತಿ ಸಾಕು: ಮಾತಿನ ಪ್ರಮಾಣ, ಭಾವದ ವ್ಯಾಪ್ತಿ, ಜನರ ಕಡೆಗಿನ ಒಲವು, ಆಸಕ್ತಿಗಳು. ಇಷ್ಟನ್ನು ಪ್ರತಿ ಭೇಟಿಯಲ್ಲೂ ಬರೆದಿಟ್ಟರೆ ಆರು ತಿಂಗಳಲ್ಲಿ ಚಿತ್ರ ಸ್ಪಷ್ಟವಾಗುತ್ತದೆ. ಪೂರ್ಣ ಮೌಲ್ಯಮಾಪನ ಅಗತ್ಯವಿರುವವರು ಯಾರೆಂದೂ ಆಗ ತಿಳಿಯುತ್ತದೆ.

ಅಂಗವೈಕಲ್ಯ ಪ್ರಮಾಣಪತ್ರದ ವಿಷಯದಲ್ಲಿ ಕಡತದ ಈ ಬರವಣಿಗೆ ರೋಗಿಯ ಹೊಟ್ಟೆಪಾಡಿಗೇ ಸಂಬಂಧಿಸಿದ್ದು. ಭಾರತೀಯ ಮನೋವೈದ್ಯಕೀಯ ಸಂಘ 2002ರಲ್ಲಿ ತಂದ, ವೈಕಲ್ಯವನ್ನು ಅಳೆಯುವ ಐಡಿಯಾಸ್ ಮಾಪನ ಸ್ವಂತ ಆರೈಕೆ, ಪರಸ್ಪರ ಸಂಬಂಧ, ಸಂವಹನ ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳಿಗೆ 0ಯಿಂದ 4ರವರೆಗೆ ಅಂಕ ಕೊಟ್ಟು, ಕಾಯಿಲೆಯ ಅವಧಿಯ ಅಂಕವನ್ನು ಅದಕ್ಕೆ ಕೂಡಿಸುತ್ತದೆ. ಸರ್ಕಾರದ ಸೌಲಭ್ಯಗಳಿಗೆ ಶೇ. 40ರ ಗೆರೆ ದಾಟಬೇಕು. ಧ್ವನಿಗಳು ನಿಂತಿವೆ, ಗಲಾಟೆ ಇಲ್ಲ ಎಂದಷ್ಟೇ ಇರುವ ಕಡತ ಪ್ರಮಾಣಪತ್ರ ಕೊಡುವ ಮಂಡಳಿಯ ಮುಂದೆ ಹೋದರೆ, ಎದ್ದು ಹಲ್ಲುಜ್ಜಲೂ ಮತ್ತೊಬ್ಬರ ಮಾತು ಬೇಕಾಗಿರುವವರು ‘ಗುಣವಾಗಿದ್ದಾರೆ’ ಎಂದು ಮರಳಬೇಕಾಗುತ್ತದೆ. ಇದೇ ಮಾಪನವನ್ನು ಬಳಸಿ ನಿಮ್ಹಾನ್ಸ್‌ನ ತಂಡ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ವರ್ಷಗಟ್ಟಲೆ ನಡೆಸಿದ ಸಮುದಾಯ ಅಧ್ಯಯನವು ಚಿಕಿತ್ಸೆ ದೊರೆತವರಲ್ಲಿ ವೈಕಲ್ಯ ಇಳಿಯುವುದನ್ನು ತೋರಿಸಿತು. ಹಳ್ಳಿಯಲ್ಲೂ ಇಂಥ ಅಳತೆ ಸಾಧ್ಯ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ.

ಪ್ರಾಥಮಿಕ ಲಕ್ಷಣಗಳಿಗೆ ಪರಿಣಾಮಕಾರಿ ಔಷಧಿಗಳು ಇನ್ನೂ ಕಡಿಮೆಯೇ. 2017ರಲ್ಲಿ ಪ್ರಕಟವಾದ 26 ವಾರಗಳ ಪ್ರಯೋಗವೊಂದರಲ್ಲಿ, ಋಣಾತ್ಮಕ ಲಕ್ಷಣಗಳೇ ಪ್ರಧಾನವಾಗಿದ್ದವರಿಗೆ ಕ್ಯಾರಿಪ್ರಜಿನ್ ಎಂಬ ಔಷಧಿ ರಿಸ್ಪೆರಿಡೋನ್‌ಗಿಂತ ಹೆಚ್ಚು ಉಪಯೋಗವಾಯಿತು. ನಿಮ್ಹಾನ್ಸ್‌ನ ಯೋಗ ಅಧ್ಯಯನಗಳಲ್ಲಿ ಔಷಧಿಯ ಜೊತೆಗೆ ಯೋಗ ಮಾಡಿದವರಲ್ಲಿ ಲಕ್ಷಣಗಳೂ ಸಾಮಾಜಿಕ ಕಾರ್ಯನಿರ್ವಹಣೆಯೂ ಸುಧಾರಿಸಿದವು. ಯಾವ ದಾರಿ ಹಿಡಿದರೂ ಬದಲಾವಣೆ ನಿಧಾನ, ಅದು ಮೊದಲು ಕಾಣುವುದು ಸಣ್ಣ ವಿಷಯಗಳಲ್ಲಿ. ಹಾಗಾಗಿ ಮನೆಯವರಿಗೆ ನಾನು ಒಂದು ಚಿಕ್ಕ ಪುಸ್ತಕ ಇಡಲು ಹೇಳುತ್ತೇನೆ. ಯಾರೂ ಹೇಳದೆ ಮಾಡಿದ ಕೆಲಸ, ತಾನಾಗಿ ಕೇಳಿದ ಪ್ರಶ್ನೆ, ಬೇಕು ಎಂದು ಕೇಳಿದ ತಿಂಡಿ, ಹೊರಗೆ ಹೋದ ದಿನ, ಔಷಧಿ ಬದಲಾದ ದಿನಾಂಕ ಇಷ್ಟನ್ನು ಅದರಲ್ಲಿ ಬರೆಯಬೇಕು. ಮರುಭೇಟಿಯ ದಿನ ಆ ಪುಸ್ತಕವನ್ನು ರೋಗಿಯ ಕೈಗೇ ಕೊಟ್ಟು, ಬರೆದದ್ದು ಸರಿಯೇ ಎಂದು ಅವರನ್ನೇ ಕೇಳಿ, ಅವರ ಉತ್ತರವನ್ನು ಪಕ್ಕದಲ್ಲಿ ಬರೆದುಕೊಂಡ ಮೇಲೆ ನಾನು ಅಂಕ ಹಾಕಲು ಶುರುಮಾಡುತ್ತೇನೆ.